ಫಾರ್ಮ್ಯಾಟ್ ಮಾಡೋಕೆ ಮುಂಚೆ ಒಂದು ನಿಮಿಷ

ನಮಸ್ಕಾರ ಎಲ್ಲರಿಗೂ. ಈಗ ಕಾಣುತ್ತಿರುವುದು ನಮ್ಮ ಅತ್ತಿಗೆಯ ಲ್ಯಾಪ್‌ಟಾಪ್. ಕಂಪನಿ ಲೋಗೋ ಬಂತು. ಕೆಳಗೆ ಚುಕ್ಕಿಗಳು ಸುತ್ತುತ್ತಿವೆ. ನೋಡಿ, 'ಪ್ರಿಪೇರಿಂಗ್ ಆಟೊಮ್ಯಾಟಿಕ್ ರಿಪೇರ್' ಅಂತ ಬಂತು. ಆಮೇಲೆ 'ಡಯಾಗ್ನೋಸಿಂಗ್ ಯುವರ್ ಪಿಸಿ'. ಈಗ ಪೂರ್ತಿ ಕಪ್ಪು. ಮತ್ತೆ ಲೋಗೋ. ಬೆಳಿಗ್ಗೆಯಿಂದ ಇದೇ ಸುತ್ತು.

ನಾನು ಸಾಗರಕ್ಕೆ ಅಣ್ಣನ ಮನೆಗೆ ಬಂದಿದ್ದೇನೆ. ಬಂದಿದ್ದು ಜೋಗ ನೋಡೋಕೆ. ಆದರೆ ಮಂಜು ಎಷ್ಟಿತ್ತೆಂದರೆ ಜಲಪಾತದ ಸದ್ದು ಕೇಳಿತೇ ಹೊರತು ನೀರು ಕಾಣಲಿಲ್ಲ. ಹಾಗಾಗಿ ಇವತ್ತಿನ ವ್ಲಾಗ್ ಇದೇ.

ಅತ್ತಿಗೆ ಹೈಸ್ಕೂಲ್ ಟೀಚರ್. ಪ್ರಶ್ನೆಪತ್ರಿಕೆ, ಪಾಠ ಯೋಜನೆ, ಅಂಕಪಟ್ಟಿ ಎಲ್ಲ ಇದರೊಳಗೇ ಇದೆ. ಅಂಗಡಿಯೊಂದಕ್ಕೆ ಫೋನ್ ಮಾಡಿ ಕೇಳಿದ್ದಾರೆ. ಲ್ಯಾಪ್‌ಟಾಪ್ ಕಣ್ಣಿಂದ ನೋಡುವ ಮೊದಲೇ ಅವರು ತೀರ್ಪು ಕೊಟ್ಟಾಗಿದೆ: "ವಿಂಡೋಸ್ ಹೋಗಿದೆ ಮೇಡಂ, ಫಾರ್ಮ್ಯಾಟ್ ಮಾಡ್ಬೇಕು."

"ಫಾರ್ಮ್ಯಾಟ್ ಮಾಡಿದ್ರೂ ನನ್ ಫೈಲೆಲ್ಲ ಇರುತ್ತಲ್ವ ಮಾರಾಯ?" ಅಂತ ಅತ್ತಿಗೆ ಕೇಳಿದರು.

"ಎಲ್ಲಿ ಇಟ್ಟಿದೀರಿ ಅತ್ತಿಗೆ?"

"ಡೆಸ್ಕ್‌ಟಾಪ್ ಮೇಲೇ ಇದೆ. ಕಣ್ಣಿಗೆ ಕಾಣ್ಬೇಕಲ್ಲ."

ನನಗೆ ಎದೆ ಧಸಕ್ ಅಂದಿದ್ದು ಇಲ್ಲೇ. ಡೆಸ್ಕ್‌ಟಾಪ್ ಅನ್ನುವುದು ವಿಂಡೋಸ್ ಕೂತಿರುವ ಸಿ ಡ್ರೈವ್ ಒಳಗಿನ ಒಂದು ಫೋಲ್ಡರ್. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಕೂಡ ಅಷ್ಟೇ. ಫಾರ್ಮ್ಯಾಟ್ ಅಂದರೆ ಅಳಿಸುವುದು ಅದೇ ಸಿ ಡ್ರೈವನ್ನು. 'ಸಿ ಮಾತ್ರ ಫಾರ್ಮ್ಯಾಟ್ ಮಾಡ್ತೀವಿ, ಡಿಯಲ್ಲಿ ಇರೋದಕ್ಕೆ ಏನೂ ಆಗಲ್ಲ' ಅಂತ ಅಂಗಡಿಯಲ್ಲಿ ಹೇಳುವುದು ಸುಳ್ಳೇನಲ್ಲ. ಆದರೆ ಡಿಯಲ್ಲಿ ಇಡುವವರು ಎಷ್ಟು ಜನ ಇದ್ದಾರೆ ಹೇಳಿ. ಅದರ ಜೊತೆಗೆ ಅತ್ತಿಗೆಯ ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ನುಡಿಯಲ್ಲಿ ಟೈಪ್ ಮಾಡಿದ್ದು. ಫೈಲ್ ಹೇಗೋ ಉಳಿದುಕೊಂಡರೂ, ನುಡಿ ಫಾಂಟ್ ಮತ್ತೆ ಹಾಕುವ ತನಕ ತೆರೆದರೆ ಕಾಣುವುದು ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿ.

ಹಾಗಾಗಿ ಫಾರ್ಮ್ಯಾಟ್ ಮಾತು ಆಮೇಲೆ. ಮೊದಲು ಇದು ಎಲ್ಲಿ ನಿಲ್ಲುತ್ತಿದೆ ಅಂತ ನೋಡೋಣ.

ಪವರ್ ಬಟನ್ ಒತ್ತಿದ ಮೇಲೆ ಒಳಗೆ ಒಂದಾದ ಮೇಲೊಂದು ಕೆಲಸ ನಡೆಯುತ್ತದೆ. ಮೊದಲು ಬೋರ್ಡ್‌ಗೆ ಕರೆಂಟ್ ಹೋಗಬೇಕು. ಆಮೇಲೆ ಬೋರ್ಡಿನಲ್ಲೇ ಇರುವ ಬಯೋಸ್ ಅನ್ನುವ ಪ್ರೋಗ್ರಾಮ್ ಎದ್ದು ರ‍್ಯಾಮ್ ಇದೆಯಾ, ಡಿಸ್ಪ್ಲೇ ಇದೆಯಾ, ಡಿಸ್ಕ್ ಇದೆಯಾ ಅಂತ ನೋಡುತ್ತದೆ. ಲೋಗೋ ಬರುವುದು ಆಗ. ಆಮೇಲೆ ಡಿಸ್ಕಿನಿಂದ ವಿಂಡೋಸ್ ಎಬ್ಬಿಸುವ ಸಣ್ಣ ಪ್ರೋಗ್ರಾಮ್ ಓಡುತ್ತದೆ. ಚುಕ್ಕಿಗಳು ಸುತ್ತುವುದು ಅಲ್ಲಿಂದ ಮುಂದೆ. ಕೊನೆಗೆ ಲಾಗಿನ್. 'ಆನ್ ಆಗ್ತಿಲ್ಲ' ಅಂತ ಎಲ್ಲರೂ ಒಂದೇ ಮಾತು ಹೇಳುತ್ತಾರೆ, ಆದರೆ ಇದರಲ್ಲಿ ಯಾವ ಮೆಟ್ಟಿಲಲ್ಲಿ ನಿಂತಿತು ಅನ್ನುವುದರ ಮೇಲೆ ರಿಪೇರಿ ಪೂರ್ತಿ ಬೇರೆ ಆಗುತ್ತದೆ. ಲೈಟೇ ಬಾರದ ಲ್ಯಾಪ್‌ಟಾಪ್‌ಗೆ ವಿಂಡೋಸ್ ಹೊಸದಾಗಿ ಹಾಕಿ ಪ್ರಯೋಜನ ಏನು, ಅಲ್ವಾ?

ಲೈಟ್ ಬಾರದೆ ಇದ್ದರೆ ಅನುಮಾನ ಚಾರ್ಜರ್ ಮೇಲೆ, ಚಾರ್ಜಿಂಗ್ ಪಿನ್ ಮೇಲೆ, ಗೋಡೆಯ ಪ್ಲಗ್ ಪಾಯಿಂಟ್ ಮೇಲೆ. ಟೈಪ್ ಸಿ ಇರುವವರು ಒಂದು ನೋಡಿಕೊಳ್ಳಿ. ಫೋನ್ ಚಾರ್ಜರ್ ಪಿನ್ ಸರಿಯಾಗಿ ಕೂರುತ್ತದೆ ಅಂದ ಮಾತ್ರಕ್ಕೆ ಅದು ಲ್ಯಾಪ್‌ಟಾಪ್ ಓಡಿಸುವುದಿಲ್ಲ. ಲ್ಯಾಪ್‌ಟಾಪ್ 65 ವ್ಯಾಟ್ ಕೇಳುತ್ತಿರುತ್ತದೆ, ಫೋನ್ ಚಾರ್ಜರ್ 25 ಕೊಡುತ್ತಿರುತ್ತದೆ. ಚಾರ್ಜರ್ ಸರಿ ಇದ್ದೂ ಜೀವ ಬಾರದಿದ್ದರೆ, ಎಲ್ಲ ವೈರ್ ಕಿತ್ತು, ಬ್ಯಾಟರಿ ಬಿಚ್ಚುವ ಹಾಗಿದ್ದರೆ ಬಿಚ್ಚಿ, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಚಾರ್ಜ್ ಇಳಿದುಹೋಗುತ್ತದೆ. ಆಮೇಲೆ ಬರೀ ಚಾರ್ಜರ್ ಹಾಕಿ ಆನ್ ಮಾಡಿ. ಮಂತ್ರದ ಹಾಗೆ ಕಾಣುತ್ತದೆ, ಆದರೆ ಎಷ್ಟೋ ಸಲ ಕೆಲಸ ಮಾಡುತ್ತದೆ.

ಲೈಟ್ ಇದೆ, ಫ್ಯಾನ್ ಸದ್ದು ಇದೆ, ಸ್ಕ್ರೀನ್ ಮಾತ್ರ ಕಪ್ಪು. ಆಗ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರಿದರೆ ಒಳಗೆ ಯಂತ್ರ ಎದ್ದಿದೆ, ತೊಂದರೆ ಡಿಸ್ಪ್ಲೇಯದ್ದು ಇರಬಹುದು. ಕೋಣೆ ಕತ್ತಲು ಮಾಡಿ ಫೋನ್ ಟಾರ್ಚ್ ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಸ್ಕ್ರೀನಿನ ಹಿಂಬದಿಯ ಬೆಳಕು ಹೋಗಿದೆ ಅಂತ. ಎಚ್‌ಡಿಎಂಐ ವೈರಲ್ಲಿ ಟಿವಿಗೆ ಹಾಕಿದರೂ ಗೊತ್ತಾಗುತ್ತದೆ. ಕ್ಯಾಪ್ಸ್ ಲಾಕ್ ಅಥವಾ ಪವರ್ ಲೈಟ್ ತಾನಾಗಿ ಲೆಕ್ಕ ಹಾಕಿದ ಹಾಗೆ ಮಿಟುಕುತ್ತಿದ್ದರೆ ದೀಪ ಕೆಟ್ಟಿದ್ದಲ್ಲ, ತೊಂದರೆ ಏನು ಅಂತ ಹೇಳುವ ಸಂಕೇತ. ಎಷ್ಟು ಸಲ ಮಿಟುಕಿತು ಅಂತ ಎಣಿಸಿ, ನಿಮ್ಮ ಮಾಡೆಲ್‌ನ ಮ್ಯಾನುಯಲ್‌ನಲ್ಲಿ ನೋಡಿ. ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ.

ಇನ್ನು ರ‍್ಯಾಮ್. ಮಲೆನಾಡು, ಕರಾವಳಿ ಕಡೆಯವರಿಗೆ ಇದು ಮುಖ್ಯ. ಈ ಥಂಡಿಗೆ ರ‍್ಯಾಮ್ ಕಡ್ಡಿಯ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ತೆಳು ಪದರ ಕೂತು, ಸಂಪರ್ಕ ಸರಿಯಾಗಿ ಆಗುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಯಾವ ಮೆಕ್ಯಾನಿಕ್ ಟೇಬಲ್ ನೋಡಿದರೂ ಒಂದು ಬಿಳಿ ರಬ್ಬರ್ ಇರುತ್ತದೆ, ಪೆನ್ಸಿಲ್ ಅಳಿಸುವ ರಬ್ಬರ್. ಕಡ್ಡಿ ತೆಗೆದು, ಹಲ್ಲುಗಳ ಮೇಲೆ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಅನ್ನುವ ತನಕ ಒತ್ತಿ ಕೂರಿಸುತ್ತಾರೆ. ಬಿಚ್ಚುವ ಮೊದಲು ಬ್ಯಾಟರಿ ಕನೆಕ್ಟರ್ ತೆಗೆಯುವುದನ್ನು ಮಾತ್ರ ಮರೆಯಬೇಡಿ. ತೆಳ್ಳಗಿನ ಹೊಸ ಲ್ಯಾಪ್‌ಟಾಪ್ ಎಷ್ಟೋ ಇವೆ, ಅದರಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಅಲ್ಲಿ ಈ ರಬ್ಬರ್ ವೈದ್ಯ ನಡೆಯುವುದಿಲ್ಲ.

ಸರಿ, ಅತ್ತಿಗೆಯದ್ದು ಇದ್ಯಾವುದೂ ಅಲ್ಲ. ಲೋಗೋ ಬರುತ್ತಿದೆ, ಅಂದರೆ ಕರೆಂಟ್, ರ‍್ಯಾಮ್, ಸ್ಕ್ರೀನ್ ಎಲ್ಲ ಸರಿ. ಪೆನ್‌ಡ್ರೈವ್, ಮೌಸ್, ಪ್ರಿಂಟರ್ ವೈರ್ ಎಲ್ಲ ತೆಗೆದೆ. ಕೆಲವು ಸಲ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಹುಡುಕಿಕೊಂಡು ಲ್ಯಾಪ್‌ಟಾಪ್ ಕೂತಿರುತ್ತದೆ. ಎಫ್2 ಒತ್ತಿ ಬಯೋಸ್ ಒಳಗೆ ಹೋದೆ. ನಿಮ್ಮದರಲ್ಲಿ ಎಫ್10, ಡಿಲೀಟ್ ಅಥವಾ ಎಸ್ಕೇಪ್ ಇರಬಹುದು. ಎಸ್‌ಎಸ್‌ಡಿ ಹೆಸರು, ಅಂದರೆ ಇದರ ಡಿಸ್ಕಿನ ಹೆಸರು, ಕಾಣುತ್ತಿದೆ. ಬಯೋಸ್ ಜೊತೆಗೇ ಬಂದಿದ್ದ ಡಿಸ್ಕ್ ಪರೀಕ್ಷೆ ಓಡಿಸಿದೆ. ಪಾಸ್. ಗಡಿಯಾರವೂ ಸರಿ ಇದೆ. ಅದು ಎಷ್ಟೋ ವರ್ಷ ಹಿಂದಿನ ತಾರೀಖು ತೋರಿಸಿದ್ದರೆ ಬೋರ್ಡ್ ಮೇಲಿನ ಗುಂಡಿ ಆಕಾರದ ಸೆಲ್ ಮೇಲೆ ಅನುಮಾನ ಪಡಬೇಕಿತ್ತು.

ಅಲ್ಲಿಗೆ ಉಳಿದಿದ್ದು ವಿಂಡೋಸ್ ಒಂದೇ.

"ಅತ್ತಿಗೆ, ನಿನ್ನೆ ಆಫ್ ಮಾಡುವಾಗ ಏನಾದ್ರೂ ಬಂತಾ?"

"ಅಪ್‌ಡೇಟ್ ಅಂತ ಬಂತು. ಆಫ್ ಮಾಡಬೇಡಿ ಅಂತ ಅದೇ ಹೇಳ್ತಿತ್ತು. ನಾ ಮುಟ್ಟಲೇ ಇಲ್ಲಪ್ಪ. ಕರೆಂಟ್ ಹೋಯ್ತು."

ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುತ್ತದೆ, ಕರೆಂಟ್ ಹೋದರೆ ಏನಾಯ್ತು ಅಂತೀರಾ? ಈ ಬ್ಯಾಟರಿ ಹೆಸರಿಗೆ ಮಾತ್ರ ಇದೆ. ವೈರ್ ತೆಗೆದರೆ ಐದು ನಿಮಿಷವೂ ನಿಲ್ಲುವುದಿಲ್ಲ. ಮಳೆಗಾಲದ ಮಲೆನಾಡಿನಲ್ಲಿ, ಬ್ಯಾಟರಿ ಸತ್ತ ಲ್ಯಾಪ್‌ಟಾಪ್‌ಗೂ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ಗೂ ಏನೂ ವ್ಯತ್ಯಾಸ ಇಲ್ಲ. ಅಪ್‌ಡೇಟ್ ಅರ್ಧದಲ್ಲಿ ನಿಂತಿದೆ. ಹಳೆಯ ಫೈಲ್ ಅರ್ಧ, ಹೊಸ ಫೈಲ್ ಅರ್ಧ.

ಇಂಥದ್ದು ನಡೆಯುವುದಕ್ಕೆ ಒಂದೇ ಒಂದು ಫೈಲ್ ಸಾಕು. 2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಆ ಯಂತ್ರಗಳಿಗೆ ಕಂಪನಿ ಹೇಳಿದ ಮದ್ದು ಫಾರ್ಮ್ಯಾಟ್ ಅಲ್ಲ. ಅಗತ್ಯದ್ದು ಮಾತ್ರ ಓಡಿಸುವ ಸೇಫ್ ಮೋಡ್‌ಗೆ ಹೋಗಿ, ಆ ಫೈಲ್ ಅಳಿಸಿ, ರೀಸ್ಟಾರ್ಟ್. ಅಷ್ಟೇ. ಕಷ್ಟ ಏನೆಂದರೆ ಎಷ್ಟೋ ಯಂತ್ರಗಳ ಮುಂದೆ ಒಬ್ಬ ಮನುಷ್ಯ ಹೋಗಿ ಕೂರಬೇಕಾಯಿತು.

ನಾವೂ ಈಗ ಕೂತೆವು. ಎರಡು ಸಲ ಸತತವಾಗಿ ಸ್ಟಾರ್ಟ್ ಆಗದಿದ್ದರೆ ವಿಂಡೋಸ್ ತಾನಾಗಿ ಈ ನೀಲಿ ಬಣ್ಣದ ರಿಪೇರಿ ಪರದೆ ತರುತ್ತದೆ. ನಮ್ಮದು ಹತ್ತು ಸುತ್ತು ಸುತ್ತಿ ಕೊನೆಗೆ ಇಲ್ಲಿ ಬಂದು ನಿಂತಿದೆ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್. ಮೊದಲು ನಾನು ಒತ್ತಿದ್ದು ಕಮಾಂಡ್ ಪ್ರಾಂಪ್ಟ್, ಟೈಪ್ ಮಾಡಿ ಕೆಲಸ ಹೇಳುವ ಕಪ್ಪು ಕಿಟಕಿ. ರಿಪೇರಿಗಲ್ಲ, ಫೈಲ್ ಕಾಪಿ ಮಾಡಿಕೊಳ್ಳೋಕೆ.

ಒತ್ತಿದ ತಕ್ಷಣ ಬಂತು ನೋಡಿ ಇದು. ಬಿಟ್‌ಲಾಕರ್ ರಿಕವರಿ ಕೀ. 48 ಅಂಕಿಯ ಸಂಖ್ಯೆ.

ಅತ್ತಿಗೆಗೆ ಇದು ಏನು ಅಂತಲೇ ಗೊತ್ತಿಲ್ಲ. ಗೊತ್ತಿರಬೇಕಿಲ್ಲ ಕೂಡ. ಈಗಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಶುರು ಮಾಡಿದಾಗ ಡಿಸ್ಕ್‌ಗೆ ಬೀಗ ತಾನಾಗಿ ಬೀಳುವುದು ಸಾಮಾನ್ಯ. ಬೀಗದ ಕೀ ಆ ಅಕೌಂಟ್‌ನಲ್ಲಿ ಕೂತಿರುತ್ತದೆ. ಯಾರ ಅಕೌಂಟ್ ಅನ್ನುವುದೇ ಪ್ರಶ್ನೆ. ಕೊಂಡ ದಿನ ಅಂಗಡಿ ಹುಡುಗ ತನ್ನ ಮೇಲ್ ಐಡಿ ಹಾಕಿ ಸೆಟಪ್ ಮಾಡಿಕೊಟ್ಟಿದ್ದರೆ, ಕೀ ಇರುವುದು ಅವನ ಹತ್ತಿರ. ಇದನ್ನು ಕೇಳುತ್ತಿರುವವರು ಇವತ್ತೇ ಒಮ್ಮೆ ನೋಡಿಬಿಡಿ, ನಿಮ್ಮ ಲ್ಯಾಪ್‌ಟಾಪ್ ಯಾರ ಹೆಸರಲ್ಲಿದೆ ಅಂತ.

ಇಲ್ಲಿ ಅಣ್ಣನ ಅಕೌಂಟ್ ಇತ್ತು. ಅವನು ಡ್ಯೂಟಿಯಲ್ಲಿದ್ದ. ಫೋನ್ ಮಾಡಿ ಮೈಕ್ರೋಸಾಫ್ಟ್ ಅಕೌಂಟ್‌ಗೆ ಲಾಗಿನ್ ಆಗಿಸಿ, ಡಿವೈಸ್ ಪಟ್ಟಿಯಲ್ಲಿ ಈ ಲ್ಯಾಪ್‌ಟಾಪ್ ಹುಡುಕಿಸಿದೆ. ಅಲ್ಲಿ ಎರಡು ಕೀ ಇತ್ತು. ಸ್ಕ್ರೀನ್ ಮೇಲಿರುವ ಕೀ ಐಡಿಯ ಮೊದಲ ಎಂಟು ಅಕ್ಷರ ಯಾವುದಕ್ಕೆ ತಾಳೆ ಆಗುತ್ತದೋ ಅದೇ ನಮ್ಮದು. ಆರಾರು ಅಂಕಿಯ ಎಂಟು ಗುಂಪು. ಅಣ್ಣ ಒಂದೊಂದೇ ಗುಂಪು ಓದಿದ, ಅತ್ತಿಗೆ ಮಾರ್ಕ್ಸ್ ಬರೆಯುವ ಕೆಂಪು ಪೆನ್ನಿನಲ್ಲಿ ಬರೆದುಕೊಂಡು ನನಗೆ ತಿರುಗಿ ಹೇಳಿದರು.

"ಐದೋ ಏಳೋ ಸರಿಯಾಗಿ ಹೇಳ್ರೀ!"

"ಏಳು ಕಣೇ, ಏಳು."

ಬೀಗ ತೆರೆಯಿತು. ಈಗ ಈ ಕಪ್ಪು ಕಿಟಕಿಯಲ್ಲಿ 'ನೋಟ್‌ಪ್ಯಾಡ್' ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಹೌದು, ಅದೇ ನೋಟ್‌ಪ್ಯಾಡ್. ಅದರಲ್ಲಿ ಫೈಲ್, ಓಪನ್. ಕೆಳಗೆ 'ಆಲ್ ಫೈಲ್ಸ್' ಆರಿಸಿ. ಈ ಓಪನ್ ಕಿಟಕಿಯೇ ಈಗ ನಮ್ಮ ಫೈಲ್ ಎಕ್ಸ್‌ಪ್ಲೋರರ್. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಕಾಪಿ. ಪೆನ್‌ಡ್ರೈವ್ ಒಳಗೆ ಹೋಗಿ ಪೇಸ್ಟ್. ನನಗೆ ವಿಂಡೋಸ್‌ನಲ್ಲಿ ತುಂಬ ಇಷ್ಟವಾದ ಕಳ್ಳದಾರಿ ಇದು. ಎಷ್ಟು ಮುಗಿಯಿತು ಅಂತ ಏನೂ ತೋರಿಸುವುದಿಲ್ಲ, ಕಿಟಕಿ ಸತ್ತಂತೆ ನಿಂತುಬಿಡುತ್ತದೆ. ಗಾಬರಿ ಬೀಳಬೇಡಿ, ಸುಮ್ನೆ ಕಾಯಿರಿ. ಪೆನ್‌ಡ್ರೈವ್ ದೀಪ ಮಿಟುಕುತ್ತಿದ್ದರೆ ಕೆಲಸ ನಡೆಯುತ್ತಿದೆ ಅಂತ.

ಇಲ್ಲಿ ಡ್ರೈವ್ ಅಕ್ಷರಗಳು ಬದಲಾಗಿರಬಹುದು. ನಿಮ್ಮ ಸಿ ಇಲ್ಲಿ ಡಿ ಆಗಿರಬಹುದು. ಎಕ್ಸ್ ಅಂತ ಕಾಣುವುದು ರಿಪೇರಿ ಪರದೆಯದ್ದೇ, ಅದರಲ್ಲಿ ನಿಮ್ಮದೇನೂ ಇಲ್ಲ. ಯೂಸರ್ಸ್ ಫೋಲ್ಡರ್ ಇರುವ ಡ್ರೈವ್ ಹುಡುಕಿ, ನಿಮ್ಮ ಹೆಸರಿನ ಫೋಲ್ಡರ್ ಒಳಗೆ ಹೋಗಿ. ಅತ್ತಿಗೆಯ ಡೆಸ್ಕ್‌ಟಾಪ್ ಫೋಲ್ಡರ್ ತೆರೆದರೆ ಖಾಲಿ! ಅವರ ಮುಖ ನೋಡಬೇಕಿತ್ತು. ವಿಷಯ ಇಷ್ಟೇ, ಒನ್‌ಡ್ರೈವ್ ಬ್ಯಾಕಪ್ ಆನ್ ಇದ್ದರೆ ಡೆಸ್ಕ್‌ಟಾಪ್ ಹೋಗಿ ಒನ್‌ಡ್ರೈವ್ ಫೋಲ್ಡರ್ ಒಳಗೆ ಕೂತಿರುತ್ತದೆ. ಅಲ್ಲಿ ನೋಡಿದೆವು. ಎಂಟನೇ ತರಗತಿ ಕಿರುಪರೀಕ್ಷೆ, ಒಂಬತ್ತನೇ ತರಗತಿ ಕಿರುಪರೀಕ್ಷೆ, 'ಹೊಸದು', 'ಹೊಸದು 2', 'ಇದೇ ಫೈನಲ್'. ಎಲ್ಲ ಇತ್ತು.

ಪೆನ್‌ಡ್ರೈವ್ ತೆಗೆದು ಅತ್ತಿಗೆ ಕೈಗೆ ಕೊಟ್ಟ ಮೇಲೆ ರಿಪೇರಿಗೆ ಇಳಿದೆ. ಸ್ಟಾರ್ಟಪ್ ರಿಪೇರ್ ಒತ್ತಿದೆ, ನನ್ನಿಂದ ಆಗಲ್ಲ ಅಂತು. ಅದು ಹೆಚ್ಚಾಗಿ ಹಾಗೇ ಅನ್ನುತ್ತದೆ. ನನ್ನ ಕಣ್ಣು ಇದ್ದದ್ದು 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್' ಮೇಲೆ. ಅದರಲ್ಲಿ ಎರಡು ಆಯ್ಕೆ. ಕ್ವಾಲಿಟಿ ಅಪ್‌ಡೇಟ್ ಅಂದರೆ ತಿಂಗಳು ತಿಂಗಳು ಬರುವುದು. ಫೀಚರ್ ಅಪ್‌ಡೇಟ್ ಅಂದರೆ ವರ್ಷಕ್ಕೊಮ್ಮೆ ಬರುವ ದೊಡ್ಡದು. ಅರ್ಧದಲ್ಲಿ ನಿಂತಿದ್ದು ತಿಂಗಳಿನದ್ದು. ಕ್ವಾಲಿಟಿ ಒತ್ತಿದೆ. ಅಷ್ಟರಲ್ಲಿ ಮತ್ತೆ ಗುಡುಗು. ಅತ್ತಿಗೆ ಇನ್ವರ್ಟರ್ ಇರುವ ಕೋಣೆಗೆ ಲ್ಯಾಪ್‌ಟಾಪ್ ಸಾಗಿಸೋಣ ಅಂತ ಮೊದಲೇ ಹೇಳಿದ್ದರು, ಒಳ್ಳೆಯದೇ ಆಯಿತು.

ಇದರಲ್ಲೂ ಆಗದಿದ್ದರೆ ಸಿಸ್ಟಮ್ ರಿಸ್ಟೋರ್ ಇತ್ತು, ಸೇಫ್ ಮೋಡ್ ಇತ್ತು, ಫೈಲ್ ಉಳಿಸಿಕೊಂಡು ರೀಸೆಟ್ ಮಾಡುವ ದಾರಿ ಇತ್ತು. ಫಾರ್ಮ್ಯಾಟ್ ಬರುವುದು ಇವೆಲ್ಲ ಆದ ಮೇಲೆ. ನಮಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಲೋಗೋ, ಚುಕ್ಕಿ, ಸ್ವಲ್ಪ ಹೊತ್ತು ಕಪ್ಪು, ಆಮೇಲೆ ಲಾಗಿನ್.

ಬಂದ ಮೇಲೆ ಒಂದು ಕೆಲಸ ಮಾಡಿದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಪವರ್‌ಸಿಎಫ್‌ಜಿ', ಒಂದು ಸ್ಪೇಸ್, ಸ್ಲ್ಯಾಶ್, 'ಬ್ಯಾಟರಿರಿಪೋರ್ಟ್'. ಬ್ರೌಸರ್‌ನಲ್ಲಿ ತೆರೆಯುವ ಒಂದು ಫೈಲ್ ಸಿಗುತ್ತದೆ. ಡಿಸೈನ್ ಕೆಪಾಸಿಟಿ ಅಂದರೆ ಹೊಸದರಲ್ಲಿ ಎಷ್ಟಿತ್ತು, ಫುಲ್ ಚಾರ್ಜ್ ಕೆಪಾಸಿಟಿ ಅಂದರೆ ಈಗ ಎಷ್ಟಿದೆ. ಅತ್ತಿಗೆಯದ್ದು ಕಾಲುಭಾಗವೂ ಉಳಿದಿಲ್ಲ. ಹೊಸ ಬ್ಯಾಟರಿ ಹಾಕುವ ತನಕ ಅಪ್‌ಡೇಟ್‌ಗೆ 'ಪಾಝ್' ಒತ್ತಿ ನಿಲ್ಲಿಸಿಟ್ಟಿದ್ದೇನೆ.

ಬ್ಯಾಟರಿ ಕೊಳ್ಳುವಾಗ ಲ್ಯಾಪ್‌ಟಾಪ್ ಮಾಡೆಲ್ ಹೆಸರು ಮಾತ್ರ ನಂಬಬೇಡಿ. ಒಂದೇ ಮಾಡೆಲ್‌ಗೆ ಎರಡು ಮೂರು ಬಗೆಯ ಬ್ಯಾಟರಿ ಇರುತ್ತದೆ. ಹಿಂದಿನ ಕವರ್ ಬಿಚ್ಚಿ ಬ್ಯಾಟರಿ ಮೇಲಿನ ಪಾರ್ಟ್ ನಂಬರ್ ಫೋಟೊ ತೆಗೆದುಕೊಂಡು, ಆಮೇಲೆ ಆರ್ಡರ್ ಮಾಡಿ. ಬಿಚ್ಚಿದಾಗ ಬ್ಯಾಟರಿ ಉಬ್ಬಿದ್ದು ಕಂಡರೆ ಒತ್ತೋದು, ಚುಚ್ಚೋದು ಬೇಡ, ಚಾರ್ಜಿಗೂ ಹಾಕಬೇಡಿ. ಅತ್ತಿಗೆಯದ್ದು ಉಬ್ಬಿಲ್ಲ. ಶಿವಮೊಗ್ಗದಲ್ಲಿ ವಿಚಾರಿಸಿದ್ದೇವೆ, ಎರಡು ದಿನದಲ್ಲಿ ತರಿಸಿಕೊಡುತ್ತಾರಂತೆ. ಹಾಕುವಾಗ ಅದನ್ನೂ ಶೂಟ್ ಮಾಡುತ್ತೇನೆ.