ಬರಲಿಲ್ಲವೇ? ಇನ್ನೊಂದು ಸ್ಕ್ರೂ ಇದೆ

ಕೇಳುಗರಿಗೆ ನಮಸ್ಕಾರ. ಕಾರಿನ ಹೆಡ್‌ಲೈಟನ್ನು ಮನೆಯಲ್ಲೇ ಕಳಚುವುದು, ಬಿಚ್ಚುವುದು, ಮತ್ತೆ ಜೋಡಿಸುವುದು ಹೇಗೆ ಅಂತ ಹೇಳಲು ನನ್ನನ್ನು ಕರೆದಿದ್ದಾರೆ. ಕೊಟ್ಟಿರುವುದು ಹದಿನೈದು ನಿಮಿಷ. ನನಗಾದರೆ ಒಂದು ಇಡೀ ಭಾನುವಾರ ಬೇಕು. ಇರಲಿ. ಹೇಳಬೇಕಾದ ಮುಖ್ಯ ಮಾತು ಒಂದೇ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಮಧ್ಯದಲ್ಲಿ ನಿಮ್ಮನ್ನು ಯಾರಾದರೂ ಕರೆದು ಎದ್ದು ಹೋದರೂ ಇದೊಂದು ಕಿವಿಗೆ ಬಿದ್ದಿರಲಿ. ಎಳೆದರೆ ಬರುತ್ತಿಲ್ಲವೇ? ಹಾಗಾದರೆ ಎಲ್ಲೋ ಇನ್ನೊಂದು ಸ್ಕ್ರೂ ಇದೆ. ಎಳೆಯಬೇಡಿ. ಹುಡುಕಿ.

ಈಗ ಕೇಳುತ್ತಿರುವ ನಿಮ್ಮ ಚಿತ್ರ ನನ್ನ ಕಣ್ಣ ಮುಂದೆ ಇದೆ. ಕಾರಿಗೆ ಎಂಟು ಹತ್ತು ವರ್ಷ ಆಗಿದೆ. ಹೆಡ್‌ಲೈಟ್ ಹಳದಿ ತಿರುಗಿದೆ. ರಾತ್ರಿ ಹೊತ್ತು ರಸ್ತೆ ಮಸುಕು ಮಸುಕು. ಬಿಚ್ಚಿ ಒಳಗಿನಿಂದ ಚೆನ್ನಾಗಿ ತೊಳೆದುಬಿಡೋಣ ಅಂತ ಸ್ಕ್ರೂ ಡ್ರೈವರ್ ಹಿಡಿದು ಹೊರಟಿದ್ದೀರಿ. ಸ್ವಲ್ಪ ನಿಲ್ಲಿ. ಆ ಹಳದಿ ಇರುವುದು ಹೊರಮೈ ಮೇಲೆ. ಒಳಗೆ ಏನೂ ಆಗಿಲ್ಲ. ನಿಮ್ಮ ಹೆಡ್‌ಲೈಟಿನ ಮುಂಭಾಗ ಗಾಜಲ್ಲ, ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್. ಅದಕ್ಕೆ ಬಿಸಿಲು ಆಗಿಬರುವುದಿಲ್ಲ. ಅದಕ್ಕೇ ಕಾರ್ಖಾನೆಯಲ್ಲಿ ಮೇಲೆ ತೆಳುವಾದ ಒಂದು ಕೋಟ್ ಹಾಕಿರುತ್ತಾರೆ. ವರ್ಷಗಟ್ಟಲೆ ಬಿಸಿಲಿಗೆ ಆ ಕೋಟ್ ಸವೆದಾಗ ಹಳದಿ ಶುರು. ಇದಕ್ಕೆ ಹೆಡ್‌ಲೈಟ್ ಬಿಚ್ಚಬೇಕಾಗಿಲ್ಲ. ಸುತ್ತ ಬಣ್ಣಕ್ಕೆ ತಾಗದ ಹಾಗೆ ಟೇಪ್ ಅಂಟಿಸಿ. ನೀರು ಬಿಡುತ್ತಾ ಮೊದಲು 800ರ ಸ್ಯಾಂಡ್ ಪೇಪರ್, ಆಮೇಲೆ 1500, ಕೊನೆಗೆ 3000. ಪಾಲಿಶ್ ಮಾಡಿ. ಮೇಲೆ ಬಿಸಿಲು ತಡೆಯುವ ಯುವಿ ಕ್ಲಿಯರ್ ಕೋಟ್ ಹೊಡೆಯಿರಿ. ಈ ಕೊನೆಯ ಕೋಟ್ ಬಿಟ್ಟರೆ ಪಟ್ಟ ಕಷ್ಟವೆಲ್ಲ ಕೆಲವೇ ತಿಂಗಳಿಗೆ ಮಣ್ಣು.

ಇನ್ನು ಕೆಲವರಿಗೆ ಒಳಗೆ ಮಂಜು ಕಟ್ಟಿದೆ ಅಂತ ಚಿಂತೆ. ಹೆಡ್‌ಲೈಟ್ ಉಸಿರಾಡುತ್ತದೆ, ಕೇಳುಗರೇ. ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ, ಅದು ಹೊರಗೆ ಹೋಗಲಿ ಅಂತಲೇ ಹಿಂದುಗಡೆ ಸಣ್ಣ ಕಿಂಡಿ ಇಟ್ಟಿರುತ್ತಾರೆ. ತೆಳುವಾದ ಮಂಜು ಬಂದರೆ ದೀಪ ಹಾಕಿ ಒಂದಷ್ಟು ದೂರ ಓಡಿಸಿ, ಹೋಗುತ್ತದೆ. ಕೆಳಗೆ ನೀರೇ ನಿಂತಿದ್ದರೆ ಮಾತ್ರ ಅದು ರೋಗ. ಆಗಲೂ ಮೊದಲು ಹಿಂದಿನ ರಬ್ಬರ್ ಮುಚ್ಚಳ ನೋಡಿ. ಬಲ್ಬ್ ಬದಲಿಸಿದವರು ಅದನ್ನು ಸರಿಯಾಗಿ ಕೂರಿಸಿರುವುದಿಲ್ಲ. ಎಷ್ಟೋ ಸಲ ಕಥೆ ಅಷ್ಟೇ.

ಹಾಗಾದರೆ ಬಿಚ್ಚುವುದು ಯಾವಾಗ? ಲೆನ್ಸ್, ಅಂದರೆ ಮುಂಭಾಗದ ಆ ಪ್ಲಾಸ್ಟಿಕ್, ಸೀಳಿದ್ದರೆ, ಸುತ್ತಲಿನ ಅಂಟು ಬಿಟ್ಟು ನೀರು ಇಳಿಯುತ್ತಿದ್ದರೆ, ಒಳಗಿನ ಯಾವುದೋ ತುಂಡು ಮುರಿದು ಗಡಗಡ ಅನ್ನುತ್ತಿದ್ದರೆ. ಅಷ್ಟೇ. ನಿಮಗೆ ಬಿಚ್ಚುವ ಅವಕಾಶವಾದರೂ ಇದೆ ಅಂತ ಖುಷಿಪಡಿ. ಅಮೆರಿಕದಲ್ಲಿ 1940ರ ಕಾರುಗಳಿಂದ ಹಿಡಿದು 1983ರವರೆಗೆ ಸೀಲ್ಡ್ ಬೀಮ್ ದೀಪವೇ ಇರಬೇಕು ಅಂತ ನಿಯಮ ಇತ್ತು. ಗಾಜು, ಒಳಗಿನ ಕನ್ನಡಿ, ಉರಿಯುವ ತಂತಿ, ಎಲ್ಲ ಸೇರಿ ಒಂದೇ ಬುರುಡೆ. ತಂತಿ ಸುಟ್ಟರೆ ಇಡೀ ಬುರುಡೆ ಎಸೆಯಬೇಕು. ಬಿಚ್ಚುವ ಮಾತೇ ಇಲ್ಲ.

ಸರಿ, ಕೆಲಸಕ್ಕೆ ಬರೋಣ. ದೀಪ ಆರಿಸಿ ಅರ್ಧ ಗಂಟೆ ಬಿಡಿ, ಹ್ಯಾಲೊಜೆನ್ ಬಲ್ಬ್ ಕೈ ಸುಡುತ್ತದೆ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ ಪಕ್ಕಕ್ಕೆ ಇಡಿ. ನಿಮ್ಮ ಬಲ್ಬಿನ ಹೆಸರು ಎಚ್ ಅಕ್ಷರದಿಂದ ಶುರುವಾದರೆ, ಅಂದರೆ ಎಚ್4, ಎಚ್7 ಇಂಥದ್ದಾದರೆ, ಧೈರ್ಯವಾಗಿ ಮುಂದುವರಿಯಿರಿ. ಡಿ ಅಕ್ಷರದಿಂದ ಶುರುವಾದರೆ, ಡಿ1ಎಸ್, ಡಿ2ಎಸ್ ಹೀಗೆ ಇದ್ದರೆ, ಅದು ಝೆನಾನ್ ದೀಪ. ಹೊತ್ತಿಕೊಳ್ಳುವ ಕ್ಷಣದಲ್ಲಿ ಅದಕ್ಕೆ 20,000 ವೋಲ್ಟ್‌ಗೂ ಜಾಸ್ತಿ ಹೋಗುತ್ತದೆ. ಅದನ್ನು ಬಲ್ಲವರಿಗೆ ಬಿಡಿ. ಇದರಲ್ಲಿ ಚರ್ಚೆ ಬೇಡ.

ಎಷ್ಟೋ ಕಾರುಗಳಲ್ಲಿ ಹೆಡ್‌ಲೈಟಿನ ಕೆಳಗಿನ ಅಂಚು ಬಂಪರಿನೊಳಗೆ ಸಿಕ್ಕಿಕೊಂಡಿರುತ್ತದೆ. ಅಂಥ ಕಡೆ ಬಂಪರ್ ಬಿಚ್ಚದೆ, ಕಡೇಪಕ್ಷ ಸಡಿಲ ಮಾಡದೆ ಗತಿಯಿಲ್ಲ. ಬಂಪರಿನ ಪ್ಲಾಸ್ಟಿಕ್ ಕ್ಲಿಪ್‌ಗಳಲ್ಲಿ ನಡುವಿನ ಮೊಳೆಯನ್ನು ಮೊದಲು ಎತ್ತಿ, ಆಮೇಲೆ ಇಡೀ ಕ್ಲಿಪ್ ತೆಗೆಯಬೇಕು. ಒಟ್ಟಿಗೆ ಎಳೆದರೆ ಮುರಿಯುತ್ತದೆ. ಆಮೇಲೆ ಹೆಡ್‌ಲೈಟಿನ ಬೋಲ್ಟ್‌ಗಳು. ಸಾಮಾನ್ಯವಾಗಿ ಹತ್ತರ ಸ್ಪ್ಯಾನರ್ ಸಾಕು. ಮೇಲೆ ಎರಡು ಕಾಣುತ್ತವೆ. ಪಕ್ಕದಲ್ಲಿ ಒಂದು ಇರುತ್ತದೆ. ಮೂರು ಬಿಚ್ಚಿದಿರಿ. ಹೆಡ್‌ಲೈಟ್ ಅಲ್ಲಾಡುತ್ತದೆ, ಆದರೆ ಬರುವುದಿಲ್ಲ.

ಇಲ್ಲಿ ನನ್ನ ಭಾವನ ಕಾರಿನ ಕಥೆ ಹೇಳಲೇಬೇಕು.

ನಾನು ಗ್ಯಾರೇಜಿಗೆ ಸೇರಿ ಆಗ ಎರಡು ವರ್ಷ ಆಗಿತ್ತು. ಎರಡು ವರ್ಷ ಅಂದರೆ ಎಲ್ಲ ಗೊತ್ತು ಅನ್ನಿಸುವ ಕಾಲ. ಭಾವನ ಕಾರಿನ ಎಡಗಡೆ ಹೆಡ್‌ಲೈಟಿನಲ್ಲಿ ನೀರು ನಿಂತಿತ್ತು. "ಗ್ಯಾರೇಜಿಗೇ ಹಾಕೋಣ ಕಣೋ" ಅಂದರು ಭಾವ. "ನಾನಿರುವಾಗ ಗ್ಯಾರೇಜ್ ಯಾಕೆ ಭಾವ?" ಅಂದೆ. ಬೆಳಗ್ಗೆ ಒಂಬತ್ತಕ್ಕೆ ಶುರು ಮಾಡಿದೆ. ಭಾವ ಒಂದು ಸ್ಟೂಲ್ ಹಾಕಿಕೊಂಡು ಪಕ್ಕದಲ್ಲಿ ಪೇಪರ್ ಓದುತ್ತಾ ಕೂತರು. ಮೂರು ಬೋಲ್ಟ್ ಬಿಚ್ಚಿದೆ. ಎಳೆದೆ. ಬರಲಿಲ್ಲ.

"ಇನ್ನೊಂದು ಸ್ಕ್ರೂ ಇರಬಹುದು, ನೋಡೋ" ಅಂದರು ಭಾವ, ಪೇಪರಿನಿಂದ ತಲೆ ಎತ್ತದೆ.

"ಇಲ್ಲ ಭಾವ, ಮೂರೇ. ಹಳೆಯದಲ್ವಾ, ಹಿಡಿದುಕೊಂಡಿದೆ."

ಒಂದು ಕಾಲನ್ನು ಬಂಪರಿಗೆ ಒತ್ತಿಕೊಟ್ಟು, ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ. ಟಕ್ ಅಂತು. ಹೆಡ್‌ಲೈಟ್ ಕೈಗೆ ಬಂತು. ಅದರ ಒಂದು ಕಿವಿ ಮಾತ್ರ ಕಾರಿನಲ್ಲೇ ಉಳಿಯಿತು, ಬೋಲ್ಟ್ ಸಮೇತ. ಬಂಪರಿನ ಹಿಂದೆ, ಬಗ್ಗಿ ನೋಡಿದರೆ ಮಾತ್ರ ಕಾಣುವ ಜಾಗದಲ್ಲಿ ನಾಲ್ಕನೆಯ ಬೋಲ್ಟ್ ತಣ್ಣಗೆ ಕೂತಿತ್ತು. ಭಾವ ಪೇಪರಿನ ಪುಟ ಮಗುಚಿದರು. ನಾನು ಸುಮ್ನೆ ಕೆಮ್ಮಿದೆ.

ಅಲ್ಲಿಗೆ ಬುದ್ಧಿ ಬರಬೇಕಿತ್ತು ಅಲ್ವಾ? ಬರಲಿಲ್ಲ. ಅಕ್ಕ ಹೊರಗೆ ಹೋಗಿದ್ದಳು. ಅವಳ ಓವನ್ ಅಡುಗೆಮನೆಯಲ್ಲಿ ನನಗಾಗಿಯೇ ಕಾಯುತ್ತಿದ್ದ ಹಾಗಿತ್ತು. ಹೆಡ್‌ಲೈಟಿನ ಲೆನ್ಸನ್ನು ಹಿಂದಿನ ಡಬ್ಬಿಗೆ ಕೂಡಿಸಿರುವುದು ಬ್ಯುಟೈಲ್ ಅನ್ನುವ ಕಪ್ಪು ಅಂಟು. ಬಿಸಿ ಮಾಡಿದರೆ ಅದು ಮೆತ್ತಗಾಗುತ್ತದೆ. ಅಷ್ಟು ನನಗೆ ಗೊತ್ತಿತ್ತು. ಬಲ್ಬ್ ತೆಗೆದೆ, ರಬ್ಬರ್ ಮುಚ್ಚಳ ತೆಗೆದೆ, ಸುತ್ತಲಿನ ಸ್ಕ್ರೂ ಬಿಚ್ಚಿದೆ. ಐದು ಸಿಕ್ಕವು. ಓವನ್ 100 ಡಿಗ್ರಿಗೆ ಇಟ್ಟು ಎಂಟು ನಿಮಿಷ ಬಿಟ್ಟೆ. ಹೊರಗೆ ತೆಗೆದು ಲೆನ್ಸ್ ಎಳೆದರೆ, ಏನು ಚೆನ್ನಾಗಿ ಬಿಡುತ್ತಾ ಬಂತು ಅಂತೀರಿ! ಅಂಟು ನೂಲು ನೂಲಾಗಿ ಎಳೆದುಕೊಂಡು ಬರುತ್ತಿದೆ. ಒಂದು ಮೂಲೆ ಮಾತ್ರ ಬರುತ್ತಿಲ್ಲ.

ಹಿಂದಿನಿಂದ ಭಾವನ ದನಿ. "ಇನ್ನೊಂದು ಸ್ಕ್ರೂ..."

"ಇಲ್ಲ ಭಾವ, ಆ ಕಡೆ ಬಿಸಿ ಸಾಲದು."

ಸ್ಕ್ರೂ ಡ್ರೈವರ್ ತೂರಿಸಿ ಮೀಟಿದೆ. ಮೂಲೆಯಿಂದ ಒಂದು ಗೆರೆ ಎದ್ದು, ನೋಡನೋಡುತ್ತಲೇ ಲೆನ್ಸಿನ ಆ ತುದಿಯವರೆಗೆ ಓಡಿತು. ಆರನೆಯ ಸ್ಕ್ರೂ ಎಲ್ಲಿತ್ತು ಗೊತ್ತಾ? ಹಿಂದುಗಡೆ ಅಂಟಿಸಿದ್ದ ಸ್ಟಿಕರಿನ ಕೆಳಗೆ. ಅಷ್ಟು ಹೊತ್ತಿಗೆ ಅಕ್ಕ ಬಂದಳು. ಅಡುಗೆಮನೆಯ ವಾಸನೆ ನೋಡಿ ಅವಳು ಏನಂದಳು ಅನ್ನುವುದನ್ನು ಬಾನುಲಿಯಲ್ಲಿ ಹೇಳುವ ಹಾಗಿಲ್ಲ.

ಭಾವ ಮಾತ್ರ ಒಂದು ಮಾತೂ ಬೈಯಲಿಲ್ಲ. ಹೊಸ ಹೆಡ್‌ಲೈಟ್ ತಂದು ಹಾಕಿಸಿಕೊಂಡರು. ಎಡಗಡೆ ಫಳಫಳ, ಬಲಗಡೆ ಹಳದಿ. ಹಾಗೇ ವರ್ಷಗಟ್ಟಲೆ ಓಡಿಸಿದರು. ಆದರೆ ಇವತ್ತಿಗೂ ಅವರ ಮನೆಯಲ್ಲಿ ಬೀರು ಬಾಗಿಲು ಬಿಗಿಯಾದರೆ, ಡಬ್ಬದ ಮುಚ್ಚಳ ಬಾರದಿದ್ದರೆ, ನನ್ನ ಕಡೆ ತಿರುಗಿ ಒಂದೇ ಮಾತು: "ಇನ್ನೊಂದು ಸ್ಕ್ರೂ ಇರಬಹುದು, ನೋಡೋ."

ಗಾಜಿನ ಆ ಕಡೆಯಿಂದ ಕೈ ತೋರಿಸುತ್ತಿದ್ದಾರೆ. ಸಮಯ ಓಡಿದೆ. ಬೇಗ ಬೇಗ ಹೇಳುತ್ತೇನೆ.

ಓವನ್‌ಗೆ ಇಡುವ ಮೊದಲು ಅಂಟನ್ನು ಪರೀಕ್ಷೆ ಮಾಡಿ. ಲೆನ್ಸ್ ಮತ್ತು ಡಬ್ಬಿಯ ಸಂದಿಯಲ್ಲಿ ಸೂಜಿ ಚುಚ್ಚಿ. ಮೆತ್ತಗೆ ಇಳಿದು ಜಿಗಿಜಿಗಿ ಅಂದರೆ ಬ್ಯುಟೈಲ್, ಬಿಸಿಗೆ ಬಿಡುತ್ತದೆ. ಕಲ್ಲಿನ ಹಾಗೆ ಗಟ್ಟಿ ಇದ್ದರೆ ಅದು ಬೇರೆ ಜಾತಿಯ ಅಂಟು. ಎಷ್ಟು ಬಿಸಿ ಮಾಡಿದರೂ ಬಿಡುವುದಿಲ್ಲ. ಅದನ್ನು ಕೊಯ್ದೇ ತೆಗೆಯಬೇಕು. ಮನೆಯಲ್ಲಿ ಆಗುವ ಕೆಲಸ ಅಲ್ಲ, ವಾಪಸ್ ಕಾರಿಗೆ ಹಾಕಿ.

ಬಿಸಿ 100 ಡಿಗ್ರಿ ದಾಟಿಸಬೇಡಿ. 150ರ ಆಸುಪಾಸಿನಲ್ಲಿ ಲೆನ್ಸಿನ ಪ್ಲಾಸ್ಟಿಕ್ಕೇ ಮೆತ್ತಗಾಗಿ ಆಕಾರ ಕೆಡುತ್ತದೆ. ಓವನ್ ಒಳಗಿನ ಕಾಯುವ ಸರಳಿಗೆ ಹೆಡ್‌ಲೈಟ್ ತಾಗಬಾರದು. ಮರದ ಹಲಗೆ ಮೇಲೆ ಇಡಿ, ಎದುರೇ ನಿಂತಿರಿ, ಫೋನ್ ಬಂತು ಅಂತ ಹೋಗಬೇಡಿ. ಮೈಕ್ರೋವೇವ್ ಆಗುತ್ತಾ ಅಂತ ಒಬ್ಬರು ಕೇಳಿದ್ದರು. ಆಗುವುದಿಲ್ಲ ಸ್ವಾಮಿ! ಒಳಗೆ ಲೋಹದ ಲೇಪ ಇದೆ, ಕಿಡಿ ಹಾರುತ್ತದೆ. ಓವನ್ ಸಾಲದಷ್ಟು ದೊಡ್ಡ ಹೆಡ್‌ಲೈಟ್ ಆದರೆ ಹೀಟ್ ಗನ್ ಹಿಡಿಯಿರಿ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಇರಿ.

ತೆರೆದಮೇಲೆ ಒಳಗೆ ಹೊಳೆಯುವ ಬಟ್ಟಲು ಕಾಣುತ್ತದೆ. ಅದೇ ರಿಫ್ಲೆಕ್ಟರ್. ಮುಟ್ಟಬೇಡಿ. ಅದು ಕನ್ನಡಿ ಅಲ್ಲ, ಪ್ಲಾಸ್ಟಿಕ್ ಮೇಲೆ ಕೂದಲಿಗಿಂತ ನೂರಾರು ಪಟ್ಟು ತೆಳುವಾಗಿ ಕೂರಿಸಿದ ಅಲ್ಯೂಮಿನಿಯಂ. ಬಟ್ಟೆಯಲ್ಲಿ ಒರೆಸಿದರೆ ಹೊಳಪು ಬಟ್ಟೆಗೇ ಬರುತ್ತದೆ. ಧೂಳಿದ್ದರೆ ಗಾಳಿ ಊದಿ, ಅಷ್ಟೇ. ಒಳಗೆ ಮುರಿದ ತುಂಡನ್ನು ಅಂಟಿಸಲು ಸೂಪರ್ ಗ್ಲೂ ಬೇಡ, ಅದರ ಹೊಗೆ ಬಿಳಿ ಪುಡಿಯಾಗಿ ಎಲ್ಲ ಕಡೆ ಕೂರುತ್ತದೆ. ಮುಚ್ಚುವಾಗ ಹುಳಿ ವಾಸನೆಯ ಸಿಲಿಕೋನ್ ಕೂಡ ಬೇಡ, ಅದರ ಆವಿ ಲೋಹವನ್ನು ತಿನ್ನುತ್ತದೆ. ಹಳೆಯ ಅಂಟನ್ನು ಬಿಸಿ ಇರುವಾಗಲೇ ಎಳೆದು ತೆಗೆದು, ಹೊಸ ಬ್ಯುಟೈಲ್ ಹಗ್ಗವನ್ನು ಡಬ್ಬಿಯ ಅಂಚಿನ ಸುತ್ತಲಿನ ಕಾಲುವೆಯಲ್ಲಿ ತುಂಡಾಗದ ಹಾಗೆ ಕೂರಿಸಿ. ಮತ್ತೆ ಬಿಸಿ ಮಾಡಿ, ಒತ್ತಿ, ತಣ್ಣಗಾಗುವ ಮೊದಲೇ ಸ್ಕ್ರೂ ಹಾಕಿ. ಆರೂ ಹಾಕಿ!

ಆಮೇಲೆ ಕಾರಿಗೆ ಕೂರಿಸುವ ಮುಂಚೆ ಪೈಪಿನಿಂದ ನೀರು ಹಾಯಿಸಿ ನೋಡಿ. ಒಳಗೆ ಒಂದು ಹನಿ ಕಂಡರೂ ಮತ್ತೆ ಬಿಸಿ ಮಾಡಿ ಒತ್ತಿ. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಅಂಟಿದ ಕಡೆ ವಿಪರೀತ ಕಾದು ಬೇಗ ಹಾಳಾಗುತ್ತದೆ.

ಅಯ್ಯೋ, ಒಂದು ಮಾತು ಮೊದಲೇ ಹೇಳಬೇಕಿತ್ತು. ಬಿಚ್ಚುವ ಮುಂಚೆ ಸಂಜೆ ಹೊತ್ತು ಕಾರನ್ನು ಸಮನಾದ ಜಾಗದಲ್ಲಿ ಗೋಡೆಯ ಎದುರು ನಿಲ್ಲಿಸಿ. ಲೋ ಬೀಮ್ ಹಾಕಿ. ಬೆಳಕಿನ ಮೇಲಂಚು ಗೋಡೆಯ ಮೇಲೆ ಎಲ್ಲಿ ಬೀಳುತ್ತದೋ ಅಲ್ಲಿ ಟೇಪ್ ಅಂಟಿಸಿ. ಚಕ್ರ ನಿಂತ ಜಾಗವನ್ನೂ ಗುರುತು ಮಾಡಿ. ಎಲ್ಲ ಜೋಡಿಸಿದ ಮೇಲೆ ಅದೇ ಜಾಗಕ್ಕೆ ತಂದು, ಬೆಳಕು ಟೇಪಿಗೆ ಬರುವವರೆಗೆ ಹಿಂದಿನ ಅಡ್ಜಸ್ಟ್ ಸ್ಕ್ರೂ ತಿರುಗಿಸಿ. ಟೇಪ್ ಅಂಟಿಸಲು ಮರೆತವರಿಗೆ ಒಂದು ಲೆಕ್ಕ. ಗೋಡೆಯಿಂದ 10 ಮೀಟರ್ ದೂರದಲ್ಲಿ ನಿಂತರೆ, ಬೆಳಕಿನ ಮೇಲಂಚು ದೀಪದ ಮಧ್ಯದ ಎತ್ತರಕ್ಕಿಂತ 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ಅದಕ್ಕಿಂತ ಮೇಲೆ ಹೋದರೆ ಎದುರಿನಿಂದ ಬರುವವರ ಕಣ್ಣಿಗೆ ಹೊಡೆಯುತ್ತದೆ. ಈ ಕೆಲಸ ಬಿಡುವ ಹಾಗಿದ್ದರೆ ಹೆಡ್‌ಲೈಟ್ ಬಿಚ್ಚಲೇಬೇಡಿ.

ಮತ್ತೆ ಕೈ ತೋರಿಸುತ್ತಿದ್ದಾರೆ, ಈ ಸಲ ಎರಡೂ ಕೈ. ಕೆಲಸ ಮುಗಿದ ಮೇಲೆ ಬ್ಯಾಟರಿಯ ಮೈನಸ್ ತಂತಿ ಹಾಕುವುದು ಮರೆಯಬೇಡಿ. ನೆಲದ ಮೇಲೆ ಒಂದು ಸ್ಕ್ರೂ ಉಳಿದಿದ್ದರೆ, ಅದು ಎಲ್ಲಿಯದು ಅಂತ ಗೊತ್ತಾಗುವವರೆಗೆ ಬಾನೆಟ್ ಮುಚ್ಚಬೇಡಿ. ನಮಸ್ಕಾರ.