ಹೆಂಗಸರ ಸ್ಟ್ರೋಕು: ಮಲಗಿಸಬೇಡಿ, ಟೈಮ್ ನೋಡಿ

ಕೇಳುಗರಿಗೆ ನಮಸ್ಕಾರ. ಸ್ಟ್ರೋಕ್ ಅನ್ನೋದು ಗಂಡಸರಿಗೆ ಹೇಗೆ, ಹೆಂಗಸರಿಗೆ ಹೇಗೆ ಅಂತ ಮಾತಾಡಿ ಅಂತ ಮಡಿಕೇರಿ ಆಕಾಶವಾಣಿಯವರು ಕರೆದಿದಾರೆ. ಲಕ್ವ ಹೊಡೀತು ಅಂತೀವಲ್ಲ, ಅದೇ. ಮೆದುಳಿನ ರಕ್ತನಾಳ ಕಟ್ಕೊಳ್ಳತ್ತೆ, ಇಲ್ಲಾ ಒಡೆದುಹೋಗತ್ತೆ. ಕಟ್ಕೊಂಡಾಗ ಒಂದೊಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯತ್ತೆ. ಅದಕ್ಕೇ ಇವತ್ತು ನಾನು ಹೇಳೋದು ಒಂದೇ ಮಾತು: ಮನೆ ಹೆಂಗಸರು ಇದ್ದಕ್ಕಿದ್ದ ಹಾಗೆ ‘ಯಾಕೋ ಆಗ್ತಿಲ್ಲ’ ಅಂದ್ರೆ ಮಲಗಿಸಬೇಡಿ, ಟೈಮ್ ನೋಡಿ, 108ಕ್ಕೆ ಫೋನ್ ಮಾಡಿ.

ಇದು ಗಂಡಸರ ಕಾಯಿಲೆ ಅಂತ ತುಂಬ ಜನ ಅಂದ್ಕೊಂಡಿದಾರೆ. ನಡುವಯಸ್ಸಲ್ಲಿ ಗಂಡಸರಿಗೆ ಜಾಸ್ತಿ, ನಿಜ, ಬೀಡಿ, ಕುಡಿತ, ಚೆಕ್ ಮಾಡಿಸದ ಬಿಪಿ ಎಲ್ಲ ಸೇರಿ. ಆದ್ರೆ ಹೆಂಗಸರು ಜಾಸ್ತಿ ವರ್ಷ ಬದುಕ್ತಾರೆ, ವಯಸ್ಸಾದ್ಮೇಲೆ ಅವರಿಗೆ ಹೊಡೆಯತ್ತೆ, ಆ ಹೊತ್ತಿಗೆ ಎಷ್ಟೋ ಜನ ಒಂಟಿ, ಚೇತರಿಸ್ಕೊಳ್ಳೋದು ಅವರಿಗೇ ಕಷ್ಟ. ಬಾಯಿ ಸೊಟ್ಟಗಾಗೋದು, ಒಂದು ಕೈ ಬೀಳೋದು, ಮಾತು ತೊದಲೋದು ಇಬ್ಬರಲ್ಲೂ ಇರತ್ತೆ. ಹೆಂಗಸರಲ್ಲಿ ಇದ್ರ ಜೊತೆ ಗಲಿಬಿಲಿ, ವಿಪರೀತ ಸುಸ್ತು, ತಲೆನೋವು ಕಾಣಿಸೋದು ಜಾಸ್ತಿ, ಮನೆಯವರು ಆ ಸುಸ್ತನ್ನ ಮಾತ್ರ ನೋಡ್ತಾರೆ.

ನಾಪೋಕ್ಲು ಕಡೆ ಒಂದು ಮನೆ ನಂಗೆ ಚೆನ್ನಾಗಿ ಗೊತ್ತು. ಅಲ್ಲಿ ಯಜಮಾನರಿಗೆ ಊಟಕ್ಕೆ ಕೂತಾಗ ಬಾಯಿ ವಾಲ್ತು, ಮಗ ಎಂಜಲು ಕೈಯಲ್ಲೇ ಜೀಪ್ ಸ್ಟಾರ್ಟ್ ಮಾಡ್ಕೊಂಡು ಬಂದ, ರಕ್ತದ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಟ್ವಿ, ಈಗ ತೋಟ ಸುತ್ತಾಡ್ಕೊಂಡಿದಾರೆ. ಆಮೇಲೆ ಅದೇ ಮನೆ ಅಮ್ಮಂಗೆ ಬಂತು. ಕಾಫಿ ಕುಯ್ಲು ಸಮಯ, ಕಣದ ತುಂಬ ಕಾಫಿ, ಬೆಳಿಗ್ಗೆ ಅವರು ಅಕ್ಕಿ ರೊಟ್ಟಿ ತಟ್ತಾ ಇದ್ರು, ರೊಟ್ಟಿ ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗೆ ಬರ್ತಿದೆ, ಎಡಗೈ ಮಾತು ಕೇಳ್ತಿಲ್ಲ. ಸೊಸೆ ‘ಯಾಕತ್ತೆ’ ಅಂದ್ರೆ ‘ಏನಿಲ್ಲಮ್ಮ, ಸುಸ್ತು’ ಅಂದ್ರಂತೆ. ಆಳುಗಳ ಲೆಕ್ಕ ಬರೆಯೋಕೆ ಕೂತು ಕೇಳಿದ್ದನ್ನೇ ಕೇಳ್ತಿದ್ರು. ನಿದ್ದೆ ಸಾಲ್ದು ಅಂತ ಮಲಗಿಸಿದ್ರು. ನಿಂಬೆ ಪಾನಕ ಕುಡಿಸಿದ್ರು, ಅದು ನೆತ್ತಿಗೆ ಹತ್ತಿ ಕೆಮ್ಮಿದ್ರು, ಕೈಗೆ ಎಣ್ಣೆ ಹಚ್ಚಿದ್ರು. ಕೊನೆಗೆ ಸಂಜೆ ಕರ್ಕೊಂಡು ಬಂದ್ರು. ಮಗ ಕೈ ಮುಗಿದು ‘ಡಾಕ್ಟ್ರೇ, ಅಪ್ಪಂಗೆ ಕೊಟ್ರಲ್ಲ ಆ ಇಂಜೆಕ್ಷನ್ನೇ ಕೊಡಿ’ ಅಂದ. ಅದನ್ನ ಶುರುವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡಬೇಕು, ಅದೂ ಸಿಟಿ ಸ್ಕ್ಯಾನ್ ಮಾಡಿ ರಕ್ತಸ್ರಾವ ಇಲ್ಲ ಅಂತ ನೋಡಿದ್ಮೇಲೆ. ಟೈಮ್ ಮುಗಿದುಹೋಗಿತ್ತು. ಜೀಪು ಅವತ್ತೂ ಅಂಗಳದಲ್ಲೇ ನಿಂತಿತ್ತಲ್ರೀ! ಅಪ್ಪಂಗೆ ಹೊರಟ ಜೀಪು ಅಮ್ಮಂಗೆ ಬೆಳಿಗ್ಗೆ ಯಾಕೆ ಹೊರಡಲಿಲ್ಲ? ಅವರ ಎಡಗೈಗೆ ಇವತ್ತಿಗೂ ಬಲ ಬಂದಿಲ್ಲ.

ಸಮಯ ಓಡ್ತಿದೆ, ಉಳಿದಿದ್ದು ಬೇಗ ಹೇಳ್ತೀನಿ. ಬಸುರಿಯಾಗಿದ್ದಾಗ ಬಿಪಿ ಏರಿದವ್ರಿಗೆ ಮುಂದೆ ಸ್ಟ್ರೋಕ್ ಸಾಧ್ಯತೆ ಜಾಸ್ತಿ, ಹೆರಿಗೆ ಆಯ್ತು ಅಂತ ಬಿಪಿ ನೋಡಿಸೋದು ಬಿಡಬೇಡಿ. ಬಾಣಂತಿಗೆ ನೀರು ಕೊಡಬಾರ್ದು ಅನ್ನೋ ಅಜ್ಜಿಯಂದಿರೇ, ದಯವಿಟ್ಟು ಕೇಳಿ: ಮೈಯಲ್ಲಿ ನೀರು ಕಮ್ಮಿಯಾದ್ರೆ ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಬಾಣಂತಿಗೆ ಜೋರು ತಲೆನೋವು, ಫಿಟ್ಸ್ ಬಂದ್ರೆ ಅದು ಗಾಳಿ ಸೋಕಿದ್ದಲ್ಲ, ಆಸ್ಪತ್ರೆ ಕೇಸು. ಕಣ್ಮುಂದೆ ಮಿಂಚು ಬರೋ ಮೈಗ್ರೇನ್ ಇರೋರು ಗರ್ಭನಿರೋಧಕ ಮಾತ್ರೆಗೆ ಮುಂಚೆ ಡಾಕ್ಟರಿಗೆ ಹೇಳಿ. ಎದೆಬಡಿತ ತಾಳ ತಪ್ಪೋ ಕಾಯಿಲೆ ಇದ್ರೆ ಹೆಂಗಸರಿಗೆ ಅಪಾಯ ಇನ್ನೂ ಜಾಸ್ತಿ, ನಾಡಿ ಹಿಡಿದು ನೋಡಿಸ್ಕೊಳ್ಳಿ. ಸ್ಟ್ರೋಕ್ ಅಂತ ಅನುಮಾನ ಬಂದ್ರೆ ಬಾಯಿಗೆ ಏನೂ ಹಾಕಬೇಡಿ, ಪಾನಕನೂ ಬೇಡ, ಆಸ್ಪಿರಿನ್ನೂ ಬೇಡ.

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಟವರ್ ಕೂಡ ಹೋಗತ್ತೆ, 108 ಸಿಗದೇ ಇರಬಹುದು. ಅದಕ್ಕೆ ರಾತ್ರಿ ಎಷ್ಟೊತ್ತಿಗೆ ಕೂಗಿದ್ರೂ ಬರೋ ಜೀಪಿನವರು ಯಾರು, ಸಿಟಿ ಸ್ಕ್ಯಾನ್ ಇರೋ ಹತ್ತಿರದ ಆಸ್ಪತ್ರೆ ಯಾವ್ದು ಅಂತ ಇವತ್ತೇ ವಿಚಾರಿಸಿ, ಅಡುಗೆಮನೆ ಕ್ಯಾಲೆಂಡರ್ ಮೇಲೆ ದೊಡ್ಡದಾಗಿ ಬರೆದಿಡಿ. ಅಮ್ಮಂಗೆ ಶುರುವಾಗಿದ್ದು ಎಷ್ಟು ಗಂಟೆಗೆ ಅಂತಾನೂ ಬರ್ಕೊಂಡೇ ಹೊರಡಿ, ನಾವು ಮೊದಲು ಕೇಳೋದು ಅದನ್ನೇ.