ಚಳಿಗಾಲದಲ್ಲಿ ಕೊಂಡ ಬುಲ್‌ಪೆನ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಅರ್ಧ ಜನ ಕ್ರಿಕೆಟ್‌ನವರು ಅಂತ ಗೊತ್ತು, ಹಾಗಾಗಿ ಬೇಸ್‌ಬಾಲ್ ನಿಯಮಗಳ ಪಾಠ ಮಾಡಲ್ಲ. ಒಂದು ರಾತ್ರಿಯ ಕಥೆಯಿಂದ ಶುರು ಮಾಡ್ತೀನಿ.

2025ರ ಸೆಪ್ಟೆಂಬರ್ 6, ಬಾಲ್ಟಿಮೋರ್. ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಪಿಚರ್, ಅಂದರೆ ಚೆಂಡು ಎಸೆಯುವ ಯೊಶಿನೊಬು ಯಮಮೊಟೊ ಒಂಬತ್ತನೇ, ಅಂದರೆ ಕೊನೆಯ ಇನ್ನಿಂಗ್ಸ್‌ನಲ್ಲಿ ಇಬ್ಬರನ್ನು ಔಟ್ ಮಾಡಿದ್ದ. ಅಲ್ಲಿವರೆಗೆ ಎದುರಾಳಿಗೆ ಒಂದೇ ಒಂದು ಹಿಟ್ (ಚೆಂಡು ಹೊಡೆದು ಬೇಸ್ ತಲುಪೋದು) ಸಿಕ್ಕಿರಲಿಲ್ಲ. ಸ್ಕೋರು 3-0, ಬೇಕಿದ್ದದ್ದು ಇನ್ನೊಂದೇ ಔಟ್. ಅಷ್ಟರಲ್ಲಿ ಬಾಲ್ಟಿಮೋರ್‌ನ ಜ್ಯಾಕ್ಸನ್ ಹಾಲಿಡೇ ಹೋಮ್ ರನ್ ಹೊಡೆದ. ಸರಿ, ನೋ-ಹಿಟರ್ ಹೋಯಿತು, ಪಂದ್ಯವಂತೂ ನಮ್ಮದೇ ಅಂತ ಡಾಡ್ಜರ್ಸ್ ಅಭಿಮಾನಿಗಳು ಅಂದುಕೊಂಡಿರಬೇಕು. 112 ಎಸೆತ ಹಾಕಿದ್ದ ಯಮಮೊಟೊನನ್ನು ಕೂರಿಸಿ ಬ್ಲೇಕ್ ಟ್ರೈನೆನ್‌ನನ್ನು ಕರೆದರು. ಒಂದು ಡಬಲ್ (ಎರಡನೇ ಬೇಸ್‌ವರೆಗಿನ ಹೊಡೆತ), ಒಬ್ಬನ ಮೈಗೆ ಚೆಂಡು, ಎರಡು ವಾಕ್ (ಕೆಟ್ಟ ಎಸೆತಗಳಿಂದ ಪುಕ್ಕಟೆ ಬೇಸ್), ಜೊತೆಗೆ ಒಂದು ರನ್. ಆಮೇಲೆ ಟ್ಯಾನರ್ ಸ್ಕಾಟ್ ಬಂದ. ಒಂದು ಸಿಂಗಲ್‌ಗೆ ಇಬ್ಬರು ಓಡಿ ರನ್ ಗಳಿಸಿದರು. 4-3, ಆಟ ಮುಗಿಯಿತು.

ಟ್ರೈನೆನ್, ಸ್ಕಾಟ್ ಇಬ್ಬರಿಗೂ ತಂಡ ಹಿಂದಿನ ಚಳಿಗಾಲದಲ್ಲೇ ದೊಡ್ಡ ಒಪ್ಪಂದ ಕೊಟ್ಟಿತ್ತು. ನಾನು ಹೇಳಬೇಕು ಅಂದುಕೊಂಡಿರೋದು ಆ ಚಳಿಗಾಲದ ಬಗ್ಗೆ.

ಬುಲ್‌ಪೆನ್ ಅಂದರೆ ಮೈದಾನದ ಅಂಚಿನಲ್ಲಿ ರಿಲೀವರ್‌ಗಳು ಕೈ ಬಿಸಿ ಮಾಡಿಕೊಳ್ಳುವ ಜಾಗ. ಅಲ್ಲಿ ಕೂರುವ ಏಳೆಂಟು ಜನ ಪಿಚರ್‌ಗಳಿಗೂ ಅದೇ ಹೆಸರು. ಆಟ ಶುರು ಮಾಡಿದ ಪಿಚರ್ ದಣಿದಾಗ ಇವರು ಬರ್ತಾರೆ. ಡೆತ್ ಓವರ್ ಬೌಲರ್ ಥರ ಅನ್ನಿ, ಆದರೆ ಒಂದು ವ್ಯತ್ಯಾಸ ಇದೆ: ಇಲ್ಲಿ ಒಮ್ಮೆ ಬದಲಾಯಿಸಿದ ಮೇಲೆ ಆ ಆಟಗಾರ ಆ ದಿನ ಮತ್ತೆ ಆಡುವಂತಿಲ್ಲ. ಯಮಮೊಟೊನನ್ನು ವಾಪಸ್ ಕರೆಯೋಕೆ ಆಗ್ತಿರಲಿಲ್ಲ.

2024ರಲ್ಲಿ ಡಾಡ್ಜರ್ಸ್ ವಿಶ್ವ ಸರಣಿ, ಅಂದರೆ ಲೀಗ್‌ನ ಫೈನಲ್, ಗೆದ್ದದ್ದೇ ಬುಲ್‌ಪೆನ್ ಬಲದಿಂದ ಅಂದರೂ ತಪ್ಪಿಲ್ಲ. ಸ್ಯಾನ್ ಡಿಯೇಗೊ ಪಾಡ್ರೆಸ್ ವಿರುದ್ಧದ ಸರಣಿಯಲ್ಲಿ, ಸೋತರೆ ಮನೆಗೆ ಅನ್ನೋ ನಾಲ್ಕನೇ ಪಂದ್ಯವನ್ನು ಎಂಟು ಪಿಚರ್‌ಗಳು ಹಂಚಿಕೊಂಡು 8-0 ಗೆದ್ದಿದ್ದರು. ಇದೇ ದಾರಿ ಅಂತ ಅನಿಸಿರಬೇಕು, ಚಳಿಗಾಲದಲ್ಲಿ ಥೈಲಿ ಬಿಚ್ಚಿದರು. ಸ್ಕಾಟ್‌ಗೆ ನಾಲ್ಕು ವರ್ಷಕ್ಕೆ 7 ಕೋಟಿ 20 ಲಕ್ಷ ಡಾಲರ್. ಟ್ರೈನೆನ್‌ನನ್ನು ಉಳಿಸಿಕೊಳ್ಳೋಕೆ ಎರಡು ವರ್ಷಕ್ಕೆ 2 ಕೋಟಿ 20 ಲಕ್ಷ. ಕರ್ಬಿ ಯೇಟ್ಸ್‌ಗೆ ಒಂದೇ ವರ್ಷಕ್ಕೆ 1 ಕೋಟಿ 30 ಲಕ್ಷ. ಮೂರು ಕೈಗಳಿಗೆ 10 ಕೋಟಿ 70 ಲಕ್ಷ ಡಾಲರ್!

ಸುಮ್ನೆ ಕೊಂಡದ್ದಲ್ಲ. 2024ರಲ್ಲಿ ಸ್ಕಾಟ್‌ನ ಇಆರ್‌ಎ, ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ ಕೊಟ್ಟ ರನ್‌ಗಳ ಲೆಕ್ಕ, 1.75 ಇತ್ತು. ಟೆಕ್ಸಸ್‌ನಲ್ಲಿ ಆಡಿದ ಯೇಟ್ಸ್‌ನದು 1.17. ಮರುವರ್ಷ? ಸ್ಕಾಟ್ 4.74, ಯೇಟ್ಸ್ 5.23, ಟ್ರೈನೆನ್‌ನದೂ 5 ದಾಟಿತು. ಸ್ಕಾಟ್ ಹತ್ತು ಸಲ ಕೈಯಲ್ಲಿದ್ದ ಮುನ್ನಡೆಯನ್ನು ಕಳೆದ.

ಇವರೆಲ್ಲ ಒಂದೇ ವರ್ಷದಲ್ಲಿ ಆಟ ಮರೆತರಾ? ಇಲ್ಲ. ಒಂದು ಸಣ್ಣ ಲೆಕ್ಕ ಹಾಕೋಣ. ಒಬ್ಬ ರಿಲೀವರ್ ಇಡೀ ವರ್ಷ ಹಾಕೋದು ಸುಮಾರು 60 ಇನ್ನಿಂಗ್ಸ್. ಇಆರ್‌ಎ 2 ಇದ್ದರೆ ವರ್ಷಕ್ಕೆ 13 ರನ್, 4 ಇದ್ದರೆ 27. ಆರು ತಿಂಗಳ ಸೀಸನ್‌ನಲ್ಲಿ ಹದಿನಾಲ್ಕು ರನ್ ಜಾಸ್ತಿ, ಅಷ್ಟೇ ವ್ಯತ್ಯಾಸ. ನಾಲ್ಕೈದು ಕೆಟ್ಟ ರಾತ್ರಿ ಬಂದರೆ ಸಾಕು, ಚಿನ್ನದಂಥ ಪಿಚರ್ ತಗಡಾಗಿ ಕಾಣ್ತಾನೆ. ಹಾಗೇ ನಾಲ್ಕೈದು ರಾತ್ರಿ ಅದೃಷ್ಟ ಕೈಹಿಡಿದರೆ ತಗಡೂ ಚಿನ್ನ, ಮತ್ತು ಅಂಗಡಿಯಲ್ಲಿ ಚಿನ್ನದ ಬೆಲೆಗೇ ಮಾರಾಟ ಆಗುತ್ತೆ. ಚಳಿಗಾಲದಲ್ಲಿ ತಂಡಗಳು ದುಡ್ಡು ಕೊಡೋದು ಕಳೆದ ವರ್ಷದ ಆ 60 ಇನ್ನಿಂಗ್ಸ್ ನೋಡಿ. ಇದರ ಮೇಲೆ ಗಾಯ ಬೇರೆ. ಎಡ್ವಿನ್ ಡಿಯಾಜ್‌ಗೆ ನ್ಯೂಯಾರ್ಕ್ ಮೆಟ್ಸ್ 2022ರಲ್ಲಿ 10 ಕೋಟಿ 20 ಲಕ್ಷ ಡಾಲರ್ ಒಪ್ಪಂದ ಕೊಟ್ಟಿತು. ಮುಂದಿನ ಮಾರ್ಚ್‌ನಲ್ಲಿ ಪೋರ್ಟೊ ರಿಕೊ ಪರ ಆಡಿ, ಗೆದ್ದ ಖುಷಿಯಲ್ಲಿ ಕುಣಿಯುವಾಗ ಮಂಡಿ ಹೋಯಿತು. ಎಸೆಯುವಾಗ ಅಲ್ಲ, ಕುಣಿಯುವಾಗ. ಇಡೀ ಸೀಸನ್ ಮನೆಯಲ್ಲಿ.

ಹಾಗಾದರೆ ಒಳ್ಳೆ ಬುಲ್‌ಪೆನ್ ಎಲ್ಲಿ ಸಿಗುತ್ತೆ? ತಮಾಷೆ ಅಂದರೆ ಇದಕ್ಕೂ ಡಾಡ್ಜರ್ಸೇ ಉದಾಹರಣೆ. ಎವನ್ ಫಿಲಿಪ್ಸ್‌ನನ್ನು ಬೇರೆ ತಂಡ ಬೇಡ ಅಂತ ಬಿಟ್ಟಾಗ, 2021ರಲ್ಲಿ, ವೇವರ್‌ನಲ್ಲಿ, ಅಂದರೆ ಬಿಟ್ಟ ಆಟಗಾರರ ಪಟ್ಟಿಯಿಂದ, ಎತ್ತಿಕೊಂಡರು. ಮರುವರ್ಷ ಅವನ ಇಆರ್‌ಎ 1.14. ಇನ್ನೊಂದು ದಾರಿ, ಆರಂಭದ ಪಿಚರ್ ಆಗಿ ನಿಲ್ಲಲಾಗದವನನ್ನು ರಿಲೀವರ್ ಮಾಡೋದು. 652 ಸೇವ್ ಮಾಡಿದ, ಅಂದರೆ ಅಷ್ಟು ಸಲ ತಂಡದ ಮುನ್ನಡೆಯನ್ನು ಕೊನೆಯವರೆಗೆ ಉಳಿಸಿದ, ಮರಿಯಾನೊ ರಿವೇರಾ ಕೂಡ 1995ರಲ್ಲಿ ಆರಂಭದ ಪಿಚರ್ ಆಗಿ ಒದ್ದಾಡಿದವನೇ. ಆರು ಇನ್ನಿಂಗ್ಸ್‌ಗೆ ಶಕ್ತಿ ಉಳಿಸಿಕೊಳ್ಳಬೇಕಾದ ಚಿಂತೆ ಇಲ್ಲದಿದ್ದರೆ ಚೆಂಡಿನ ವೇಗ ತಾನಾಗೇ ಏರುತ್ತೆ. ಎರಡು ಥರದ ಎಸೆತ ಚೆನ್ನಾಗಿ ಬಂದರೂ ಸಾಕು.

2025ರ ಅಕ್ಟೋಬರ್‌ನಲ್ಲಿ ಆದದ್ದೂ ಇದೇ. ಸ್ಕಾಟ್, ಯೇಟ್ಸ್ ವಿಶ್ವ ಸರಣಿಯ ಪಟ್ಟಿಯಲ್ಲೇ ಇರಲಿಲ್ಲ. ಕೊನೆಯ ಇನ್ನಿಂಗ್ಸ್ ಹಾಕ್ತಿದ್ದದ್ದು ರೋಕಿ ಸಸಾಕಿ, ಭುಜದ ನೋವಿನಿಂದ ತಿಂಗಳುಗಟ್ಟಲೆ ಹೊರಗಿದ್ದ ಆರಂಭದ ಪಿಚರ್. ಟೊರೊಂಟೊ ವಿರುದ್ಧ ಮೂರನೇ ಪಂದ್ಯ 18 ಇನ್ನಿಂಗ್ಸ್ ಎಳೆಯಿತು. ಕೊನೆಯ ನಾಲ್ಕು ಇನ್ನಿಂಗ್ಸ್ ಒಂದೂ ರನ್ ಕೊಡದೆ ಹಾಕಿದವನು ವಿಲ್ ಕ್ಲೈನ್. ಅವನ ಹೆಸರು ಗೊತ್ತಿದ್ದವರು ಕೈ ಎತ್ತಿ... ಮೂವರು. ಸಿಯಾಟಲ್ ತಂಡ ಪಟ್ಟಿಯಿಂದ ತೆಗೆದಿದ್ದವನನ್ನು ಜೂನ್‌ನಲ್ಲಿ ಇವರು ತಂದಿದ್ದರು. ಇನ್ನು ಏಳನೇ ಪಂದ್ಯ. ಹಿಂದಿನ ದಿನ 96 ಎಸೆತ ಹಾಕಿದ್ದ ಅದೇ ಯಮಮೊಟೊ ಬುಲ್‌ಪೆನ್‌ನಿಂದ ಎದ್ದು ಬಂದು ಎರಡು ಇನ್ನಿಂಗ್ಸ್, ಮೇಲೆ ಇನ್ನೆರಡು ಔಟ್‌ನಷ್ಟು ಹಾಕಿ ಕಪ್ ಗೆಲ್ಲಿಸಿದ. ಬಾಲ್ಟಿಮೋರ್‌ನಲ್ಲಿ ಅವನ ಆಟವನ್ನು ಉಳಿಸಬೇಕಿದ್ದವರ ಕೆಲಸವನ್ನು ಕೊನೆಗೆ ಅವನೇ ಮಾಡಿದ ಹಾಗಾಯಿತು, ಅಲ್ವಾ?

ಇಷ್ಟೆಲ್ಲ ಆದ ಮೇಲೆ ಡಾಡ್ಜರ್ಸ್ ಡಿಸೆಂಬರ್‌ನಲ್ಲಿ ಏನು ಮಾಡಿದರು? ಕುಣಿದು ಮಂಡಿ ಮುರಿದುಕೊಂಡನಲ್ಲ, ಅದೇ ಡಿಯಾಜ್‌ನನ್ನು ಮೂರು ವರ್ಷಕ್ಕೆ 6 ಕೋಟಿ 90 ಲಕ್ಷ ಡಾಲರ್‌ಗೆ ತಂದರು. ಮೊದಲು ನನಗೆ ನಗು ಬಂತು. ಆಮೇಲೆ ಪರವಾಗಿಲ್ಲ ಅನಿಸಿತು, ಯಾಕೆಂದರೆ 2025ರಲ್ಲಿ ಅವನ ಇಆರ್‌ಎ 1.63, ಮತ್ತು ಕೊಂಡದ್ದು ಕೆಟ್ಟರೂ ತಡೆದುಕೊಳ್ಳುವ ಶಕ್ತಿ ಈ ತಂಡಕ್ಕಿದೆ. ಕಡಿಮೆ ದುಡ್ಡಿನ ತಂಡ ಇದೇ ಕೆಲಸ ಮಾಡಿದ್ದರೆ ಹುಚ್ಚು ಅಂತಿದ್ದೆ.

ವರ್ಷಕ್ಕೆ 2 ಕೋಟಿ 30 ಲಕ್ಷ, 60 ಇನ್ನಿಂಗ್ಸ್ ಹಾಕಿದರೆ ಇನ್ನಿಂಗ್ಸ್‌ಗೆ 3 ಲಕ್ಷ 83 ಸಾವಿರ ಡಾಲರ್. ಲೀಗ್‌ನಲ್ಲಿ 2026ರ ಕನಿಷ್ಠ ಸಂಬಳ 7 ಲಕ್ಷ 80 ಸಾವಿರ. ಕ್ಲೈನ್‌ನಂಥವರು ಇಡೀ ವರ್ಷ ದುಡಿಯೋದು ಹೆಚ್ಚುಕಡಿಮೆ ಅದಕ್ಕೇ, ಅಂದರೆ ಡಿಯಾಜ್‌ನ ಎರಡು ಇನ್ನಿಂಗ್ಸ್‌ಗೆ. ಪ್ರಶ್ನೆ ಇದ್ದರೆ ಕೇಳಿ, ಕ್ರಿಕೆಟ್‌ನವರಿಂದಲೇ ಶುರು ಮಾಡೋಣ.